ಮೀನಿನ ಬೆಲೆ, ದೋಣಿಯ ಹಂಗು

ಬೆಳಕು ಹರಿಯುವ ಹೊತ್ತು. ವಿಕ್ಟೋರಿಯಾ ಸರೋವರದ ಕೀನ್ಯಾ ಕಡೆಯ ದಡದಲ್ಲಿ ಹೆಂಗಸರು ಪ್ಲಾಸ್ಟಿಕ್ ಬೇಸಿನ್ ಹಿಡಿದು ಕಾಯುತ್ತಿದ್ದಾರೆ. ಕೆಲವರು ಬಟ್ಟೆ ಎತ್ತಿ ಕಟ್ಟಿಕೊಂಡು ಮೊಣಕಾಲುದ್ದ ನೀರಿಗೇ ಇಳಿದಿದ್ದಾರೆ. ರಾತ್ರಿಯಿಡೀ ದೀಪ ಹಚ್ಚಿಕೊಂಡು ಒಮೆನಾ ಹಿಡಿದ ದೋಣಿಗಳು ಒಂದೊಂದಾಗಿ ಮರಳುತ್ತಿವೆ. ಒಮೆನಾ ಅಂದರೆ ಬೆರಳುದ್ದದ ಬೆಳ್ಳಿ ಬಣ್ಣದ ಮೀನು. ಬೆಳಕು ಕಂಡರೆ ಮುತ್ತಿಕೊಳ್ಳುತ್ತದೆ. ಹಾಗಾಗಿ ತಿಂಗಳ ಬೆಳಕಿಲ್ಲದ ರಾತ್ರಿಗಳೇ ಅದರ ಸುಗ್ಗಿ.

ದೋಣಿ ದಡ ಮುಟ್ಟುವ ಮೊದಲೇ ಮೀನು ಯಾರ ಬೇಸಿನ್ನಿಗೆ ಹೋಗಬೇಕು ಅನ್ನೋದು ಬಹುಪಾಲು ತೀರ್ಮಾನ ಆಗಿರುತ್ತದೆ. ಇಪ್ಪತ್ತು ಜನ ನಿಂತಿದ್ದರೂ ಮೀನು ಸಿಗೋದು ಐದಾರು ಜನಕ್ಕೆ. ಉಳಿದವರು ಅದೇ ದುಡ್ಡನ್ನು ಕೈಯಲ್ಲಿ ಹಿಡಿದುಕೊಂಡು ಇನ್ನೊಂದು ದೋಣಿಗೆ ಕಾಯಬೇಕು, ಇಲ್ಲ ಖಾಲಿ ಬೇಸಿನ್ ಹೊತ್ತು ಮನೆಗೆ ಹೋಗಬೇಕು. ದುಡ್ಡಿದೆ, ಆದರೂ ಮೀನಿಲ್ಲ. ಈ ಇಡೀ ಪ್ರಕರಣ ಅರ್ಥ ಆಗಬೇಕಾದರೆ ಈ ಒಂದು ಕ್ಷಣವನ್ನು ಗಟ್ಟಿಯಾಗಿ ಹಿಡಿದುಕೊಳ್ಳಬೇಕು.

ಖಾಲಿ ಬೇಸಿನ್ ಹಿಡಿದು ನಿಂತ ಒಬ್ಬ ಹೆಂಗಸನ್ನು ನೋಡೋಣ. ಆಕೆ ಒಬ್ಬ ನಿರ್ದಿಷ್ಟ ವ್ಯಕ್ತಿ ಅಲ್ಲ. ಈ ದಡಗಳ ಬಗ್ಗೆ ಬಂದ ಬರಹಗಳಲ್ಲಿ ಮತ್ತೆ ಮತ್ತೆ ಎದುರಾಗುವ ಹೆಂಗಸರನ್ನು ಸೇರಿಸಿ ನಾನು ಬಿಡಿಸಿಕೊಂಡ ಚಿತ್ರ. ಮೂವತ್ತರ ಆಸುಪಾಸು. ಗಂಡ ತೀರಿಕೊಂಡಿದ್ದಾನೆ. ಮೂರು ಮಕ್ಕಳು. ಹುಟ್ಟಿದ್ದು ಬೇರೆ ಊರಿನಲ್ಲಿ, ಬದುಕು ಹುಡುಕಿಕೊಂಡು ದಡಕ್ಕೆ ಬಂದವಳು. ಒಮೆನಾ ಕೊಂಡು, ಒಣಗಿಸಿ, ಪೇಟೆಯಲ್ಲಿ ಮಾರುತ್ತಾಳೆ. ನಾಳೆಯ ಬಂಡವಾಳ ಇವತ್ತಿನ ವ್ಯಾಪಾರದಿಂದಲೇ ಹುಟ್ಟಬೇಕು. ಎರಡು ದಿನ ಮೀನು ಸಿಗದಿದ್ದರೆ ಬಂಡವಾಳವೇ ಊಟಕ್ಕೆ ಹೋಗುತ್ತದೆ.

ಒಂದು ದಿನ ದೋಣಿಯ ಹುಡುಗನೊಬ್ಬ ಹೇಳುತ್ತಾನೆ: ನಾಳೆಯಿಂದ ನಿನಗೇ ಕೊಡ್ತೀನಿ. ಅದರ ಹಿಂದೆ ಏನಿದೆ ಅಂತ ಇಬ್ಬರಿಗೂ ಗೊತ್ತು. ದಡಕ್ಕೆಲ್ಲ ಗೊತ್ತು.

ಮೀನು ಸಿಗಲಿ ಅಂತ ದೇಹ ಕೊಡಬೇಕಾಗುವ ಈ ಸಂಬಂಧಕ್ಕೆ ಆ ದಡದ ಲುವೋ ಜನರ ಭಾಷೆಯಲ್ಲಿ ಒಂದು ಹೆಸರೇ ಇದೆ: ಜಬೋಯಾ. ಹೆಸರು ಇದೆ ಅಂದರೆ ಅದು ಯಾರೋ ಒಬ್ಬರ ಗುಟ್ಟಿನ ವ್ಯವಹಾರ ಅಲ್ಲ, ಎಲ್ಲರಿಗೂ ಗೊತ್ತಿರುವ ಏರ್ಪಾಡು ಅಂತ ಅರ್ಥ. ಮಲಾವಿ, ಜಾಂಬಿಯಾದ ಮೀನುಗಾರರ ಊರುಗಳಿಂದಲೂ ಇಂಥದ್ದೇ ವರದಿಗಳಿವೆ. ನಾನು ಇಲ್ಲಿ ಕೀನ್ಯಾದ ದಡಕ್ಕೇ ನಿಲ್ಲುತ್ತೇನೆ. ಯಾಕೆಂದರೆ ಅಲ್ಲಿನ ಹೆಂಗಸರು ಇದಕ್ಕೊಂದು ಉತ್ತರ ಹುಡುಕಿದರು, ಆ ಉತ್ತರಕ್ಕೆ ಏನಾಯಿತು ಅನ್ನೋದೂ ನಮ್ಮ ಕಣ್ಣ ಮುಂದಿದೆ.

ದೇಹ ಕೊಟ್ಟರೂ ದುಡ್ಡು ಕೊಡಬೇಕು

ಹೊರಗಿನಿಂದ ನೋಡುವವರು ಇಲ್ಲೊಂದು ತಪ್ಪು ಮಾಡುತ್ತಾರೆ. ದುಡ್ಡಿಲ್ಲದ ಹೆಂಗಸು ಮೀನಿನ ಬೆಲೆಯ ಬದಲು ದೇಹ ಕೊಡುತ್ತಾಳೆ ಅಂದುಕೊಳ್ಳುತ್ತಾರೆ. ಹಾಗೆ ಆಗುವುದೂ ಉಂಟು. ಆದರೆ ಎಷ್ಟೋ ಜಬೋಯಾ ಸಂಬಂಧಗಳಲ್ಲಿ ಹೆಂಗಸು ಮೀನಿಗೆ ದುಡ್ಡನ್ನೂ ಕೊಡುತ್ತಾಳೆ. ಬೆಲೆಯಲ್ಲಿ ಒಂದಿಷ್ಟು ರಿಯಾಯಿತಿ ಸಿಗಬಹುದು, ನಾಲ್ಕು ಹಿಡಿ ಜಾಸ್ತಿ ಸಿಗಬಹುದು, ಕೈ ಖಾಲಿಯಾದ ದಿನ ಸಾಲ ಸಿಗಬಹುದು. ಆದರೆ ಮುಖ್ಯವಾಗಿ ಆಕೆ ಪಡೆಯುವುದು ಕೊಳ್ಳುವ ಹಕ್ಕನ್ನು. ಸಾಲಿನಲ್ಲಿ ಮೊದಲ ಜಾಗ. ಆ ದೋಣಿ ಬಂದರೆ ತನ್ನ ಬೇಸಿನ್ ತುಂಬುತ್ತದೆ ಅನ್ನುವ ಭರವಸೆ.

ಕನ್ನಡದಲ್ಲಿ ಇದಕ್ಕೆ ಸರಿಯಾದ ಮಾತು ಹಂಗು. ಬೆಲೆ ಕೊಟ್ಟರೆ ತೀರುತ್ತದೆ. ಹಂಗು ತೀರುವುದಿಲ್ಲ. ಇವತ್ತು ಮೀನು ಸಿಕ್ಕಿತು ಅಂತ ನಾಳೆ ಅವನನ್ನು ದೂರ ಇಡುವ ಹಾಗಿಲ್ಲ. ದೂರ ಇಟ್ಟರೆ ಆ ಜಾಗಕ್ಕೆ ಇನ್ನೊಬ್ಬಳು ಸಿದ್ಧವಾಗಿ ನಿಂತಿರುತ್ತಾಳೆ.

ಅವಳ ಕಡೆಯ ಲೆಕ್ಕ ನೋಡಿ. ಹಸಿ ಮೀನು ಬಿಸಿಲ ದೇಶದಲ್ಲಿ ಕೆಲವೇ ಗಂಟೆಗಳಲ್ಲಿ ಕೆಡುತ್ತದೆ. ದಡದಲ್ಲಿ ಐಸ್ ಇರುವುದು ಅಪರೂಪ. ಒಮೆನಾವನ್ನು ಬೆಳಗ್ಗೆಯೇ ಹಳೆಯ ಬಲೆಯ ಮೇಲೆ ಹರಡಿ ಬಿಸಿಲಿಗೆ ಹಾಕಬೇಕು. ಒಂದೇ ದಿನದಲ್ಲಿ ಚೆನ್ನಾಗಿ ಒಣಗಿದರೆ ಅದು ಮನುಷ್ಯರು ತಿನ್ನುವ ಮಾಲು, ಒಳ್ಳೆ ಬೆಲೆ. ಮಧ್ಯಾಹ್ನ ಮಳೆ ಬಂದು ನೆನೆದರೆ ಕಪ್ಪಾಗಿ, ವಾಸನೆ ಬಂದು, ಕೋಳಿ ಆಹಾರದ ಬೆಲೆಗೆ ಇಳಿಯುತ್ತದೆ. ಹಾಗಾಗಿ ಮೊದಲು ಬಂದ ದೋಣಿಯ ಮೀನು ಬೇಕು. ಹತ್ತು ಗಂಟೆಗೆ ಸಿಕ್ಕ ಮೀನಿಗೂ ಆರು ಗಂಟೆಗೆ ಸಿಕ್ಕ ಮೀನಿಗೂ ಇಡೀ ದಿನದ ಲಾಭ ನಷ್ಟದ ವ್ಯತ್ಯಾಸ ಇದೆ. ಪೇಟೆಗೆ ಹೋಗುವ ಗಾಡಿಯೂ ಅವಳಿಗಾಗಿ ಕಾಯುವುದಿಲ್ಲ.

ಅವನ ಕಡೆಯ ಲೆಕ್ಕವೂ ಇದೆ. ದೋಣಿಯಲ್ಲಿ ಹೋಗುವ ಹುಡುಗರಲ್ಲಿ ಹೆಚ್ಚಿನವರಿಗೆ ದೋಣಿಯೂ ಸ್ವಂತದ್ದಲ್ಲ, ಬಲೆಯೂ ಸ್ವಂತದ್ದಲ್ಲ. ಸೀಮೆಎಣ್ಣೆ, ಪೆಟ್ರೋಲ್ ಖರ್ಚು ಕಳೆದು, ಮಾಲೀಕನ ಪಾಲು ತೆಗೆದು, ಉಳಿದದ್ದನ್ನು ಹಂಚಿಕೊಳ್ಳುತ್ತಾರೆ. ಕೈಗೆ ದಿನವೂ ರೊಕ್ಕ ಬರುತ್ತದೆ, ದಿನವೂ ಖರ್ಚಾಗುತ್ತದೆ. ಮನೆಯಿಂದ ದೂರ, ಇವತ್ತು ಈ ದಡ, ಮುಂದಿನ ತಿಂಗಳು ಮೀನು ಹೋದ ಕಡೆ ಇನ್ನೊಂದು ದಡ. ರಾತ್ರಿ ನೀರಿನಲ್ಲಿ ಬಿರುಗಾಳಿ ಎದ್ದರೆ ಮರಳಿ ಬರುವ ಖಾತ್ರಿ ಇಲ್ಲ. ನಾಳೆ ಮುಳುಗಿ ಸಾಯಬಹುದಾದವನಿಗೆ ಹತ್ತು ವರ್ಷ ಆದಮೇಲೆ ಬರುವ ಕಾಯಿಲೆಯ ಮಾತು ಎಷ್ಟು ನಾಟೀತು? ಹಿಡಿದದ್ದನ್ನು ಕೊಳ್ಳಲು ಗ್ಯಾರಂಟಿ ಗಿರಾಕಿ ಇದ್ದರೆ ಅವನಿಗೂ ಅನುಕೂಲ. ಜತೆಗೆ ಊಟ, ಬಟ್ಟೆ ಒಗೆತ, ಒಂದು ಮನೆ ಅನ್ನುವ ಭಾವ. ಎಷ್ಟೋ ಜೋಡಿಗಳಲ್ಲಿ ನಿಜವಾದ ಪ್ರೀತಿಯೂ ಇರುತ್ತದೆ. ಅದನ್ನು ಮರೆತು ಎಲ್ಲವನ್ನೂ ಬರೀ ವ್ಯಾಪಾರ ಅಂದರೆ ಆ ಜನಕ್ಕೆ ಅನ್ಯಾಯ ಮಾಡಿದ ಹಾಗೆ.

ಹಾಗಂತ ಇಬ್ಬರ ಕೈಯೂ ಸಮ ಅಲ್ಲ. ದೋಣಿಯಲ್ಲಿ ಹೋಗುವವನು ಗಂಡಸೇ. ಹೆಂಗಸು ಮೀನು ಹಿಡಿಯಲು ದೋಣಿ ಹತ್ತಬಾರದು, ಹತ್ತಿದರೆ ಮೀನು ಸಿಗುವುದಿಲ್ಲ ಅನ್ನುವ ನಂಬಿಕೆ ಹಿಂದಿನಿಂದ ಬಂದದ್ದು. ಮುಟ್ಟಾದವಳು ಬಲೆ ದಾಟಿದರೂ ಕೆಡುಕು ಅನ್ನುತ್ತಾರೆ. ಒಬ್ಬ ಗಂಡಸಿಗೆ ಹತ್ತು ಜನ ಕೊಳ್ಳುವವರಿದ್ದಾರೆ. ಹತ್ತು ಜನ ಹೆಂಗಸರಿಗೆ ಇರುವುದು ಒಂದೇ ದೋಣಿ. ಕೈ ಯಾರದ್ದು ಮೇಲಾಗುತ್ತದೆ ಅಂತ ಬಿಡಿಸಿ ಹೇಳಬೇಕಾಗಿಲ್ಲ ಅಲ್ವಾ?

ಮೀನು ಹೆಂಗಸರ ಕೈ ತಪ್ಪಿದ್ದು

ಇದು ಹಿಂದಿನಿಂದ ಬಂದ ಸಂಪ್ರದಾಯ ಅಂತ ಕೆಲವರು ಕೈ ತೊಳೆದುಕೊಳ್ಳುತ್ತಾರೆ. ನನಗೆ ಅದು ಒಪ್ಪಿಗೆ ಇಲ್ಲ. ಗಂಡು ಹಿಡಿಯುವುದು, ಹೆಣ್ಣು ಮಾರುವುದು ಹಳೆಯ ರೂಢಿ, ನಿಜ. ಆದರೆ ಈ ಪರಿಯ ಒತ್ತಡಕ್ಕೆ ಒಂದು ಇತಿಹಾಸ ಇದೆ.

1950ರ ದಶಕದಲ್ಲಿ ಈ ಸರೋವರಕ್ಕೆ ಹೊರಗಿನಿಂದ ನೈಲ್ ಪರ್ಚ್ ಅನ್ನುವ ಬೇಟೆ ಮೀನನ್ನು ತಂದು ಬಿಟ್ಟರು. ಸ್ಥಳೀಯರು ಅದನ್ನು ಎಂಬೂಟಾ ಅನ್ನುತ್ತಾರೆ. ಮನುಷ್ಯನಿಗಿಂತ ಭಾರ ಬೆಳೆಯಬಲ್ಲ ಮೀನು. 1980ರ ದಶಕದ ಹೊತ್ತಿಗೆ ಅದು ಸರೋವರವನ್ನೇ ಆಳತೊಡಗಿತು. ಅಲ್ಲಿಗೇ ಸೀಮಿತವಾಗಿದ್ದ ನೂರಾರು ಬಗೆಯ ಸಣ್ಣ ಮೀನುಗಳು ಅಳಿದವು. ದಡದ ಪಟ್ಟಣಗಳಲ್ಲಿ ಫ್ಯಾಕ್ಟರಿಗಳು ಎದ್ದವು. ಎಂಬೂಟಾದ ಮಾಂಸ ಯುರೋಪಿನ ಮಾರುಕಟ್ಟೆಗೆ ಹೋಗತೊಡಗಿತು. ಫ್ಯಾಕ್ಟರಿಯ ಏಜೆಂಟರು ಐಸ್ ತುಂಬಿದ ಲಾರಿ ತಂದು ದಡದಲ್ಲಿ ನಿಲ್ಲಿಸಿದರು. ಮೀನುಗಾರರಿಗೆ ಬಲೆ, ಇಂಜಿನ್ನಿಗೆ ಮುಂಗಡ ಕೊಟ್ಟರು. ಹೆಂಗಸರ ಬೇಸಿನ್ ಆ ಲಾರಿಯ ಮುಂದೆ ಏನು ಮಾಡೀತು?

ಹೆಂಗಸರಿಗೆ ಉಳಿದದ್ದು ಎರಡು. ಒಂದು ಒಮೆನಾ. ಇನ್ನೊಂದು ಎಂಬೂಟಾದ ಮೂಳೆ. ಫ್ಯಾಕ್ಟರಿಯಲ್ಲಿ ಎರಡೂ ಬದಿಯ ಮಾಂಸ ಕೆತ್ತಿ ತೆಗೆದ ಮೇಲೆ ತಲೆ, ಬೆನ್ನುಮೂಳೆ, ಬಾಲ ಉಳಿಯುತ್ತದೆ. ಅದನ್ನು ಕೊಂಡು, ಎಣ್ಣೆಯಲ್ಲಿ ಕರಿದು ಬೀದಿಯಲ್ಲಿ ಮಾರುತ್ತಾರೆ. ಸ್ವಾಹಿಲಿಯಲ್ಲಿ ಅದರ ಹೆಸರು ಎಂಗೊಂಗೊ ವಾಜಿ. ಬರಿಬೆನ್ನು ಅಂತ ಅರ್ಥ. ಮಾಂಸ ಹಡಗು ಹತ್ತಿತು, ಬರಿಬೆನ್ನು ದಡದಲ್ಲಿ ಉಳಿಯಿತು. ಆ ಮೂಳೆಯ ಸಂದಿಯಲ್ಲಿ ಉಳಿದ ಚೂರು ಮಾಂಸವನ್ನೇ ನಂಬಿ ಎಷ್ಟೋ ಮನೆಗಳ ಒಲೆ ಉರಿದಿದೆ.

ಆಮೇಲೆ ಎಂಬೂಟಾವೂ ಕಡಿಮೆಯಾಯಿತು. ದೋಣಿಗಳು ಜಾಸ್ತಿ, ಬಲೆಯ ಕಣ್ಣು ಸಣ್ಣ. 1990ರ ದಶಕದಲ್ಲಿ ನೀರಿನ ಮೇಲೆ ಹಯಸಿಂತ್ ಕಳೆ ಹಬ್ಬಿ, ಸರೋವರದ ಕೀನ್ಯಾ ಕಡೆಯ ವಿನಾಮ್ ಕೊಲ್ಲಿಯಲ್ಲಿ ದೋಣಿ ದಡ ಸೇರಲಾಗದ ದಿನಗಳು ಬಂದವು. ಆ ಕಳೆ ಈಗಲೂ ಬಂದು ಹೋಗುತ್ತಿರುತ್ತದೆ. ಇಡೀ ಸರೋವರ ಸುಮಾರು 68,800 ಚದರ ಕಿಲೋಮೀಟರ್ ಇದ್ದರೂ ಕೀನ್ಯಾದ ಪಾಲು ಅದರಲ್ಲಿ ಶೇ. 6ರಷ್ಟು ಮಾತ್ರ. ಅಷ್ಟರಲ್ಲೇ ಲಕ್ಷಾಂತರ ಜನ ಹೊಟ್ಟೆ ಹೊರೆಯಬೇಕು. ಮೇಲಿಂದ ಮೀನು ಮರಿ ಮಾಡಲಿ ಅಂತ ಏಪ್ರಿಲ್‌ನಿಂದ ಜುಲೈವರೆಗೆ ಒಮೆನಾ ಹಿಡಿಯುವುದಕ್ಕೆ ಸರ್ಕಾರದ ತಡೆ ಇರುತ್ತದೆ. ಮೀನಿಗೆ ಅದು ಬೇಕಾದದ್ದೇ. ಆದರೆ ಆ ನಾಲ್ಕು ತಿಂಗಳು ಒಣಮೀನಿನವಳು ಏನು ತಿನ್ನಬೇಕು ಅನ್ನೋದಕ್ಕೆ ತಡೆಯ ಆದೇಶದಲ್ಲಿ ಉತ್ತರ ಇರುವುದಿಲ್ಲ. ಸಾಲ ಆಗುತ್ತದೆ. ಆಗಸ್ಟಿನಲ್ಲಿ ದೋಣಿಗಳು ಮತ್ತೆ ಇಳಿದಾಗ ಹಸಿದವರ ಸಾಲು ಇನ್ನೂ ಉದ್ದ ಇರುತ್ತದೆ.

ಮೀನು ಕಡಿಮೆಯಾದಷ್ಟೂ ಹಂಗಿನ ಬಿಗಿ ಜಾಸ್ತಿ. ಈ ಪ್ರಕರಣದ ಬೆನ್ನುಮೂಳೆ ಇದು.

ರೋಗ ಹೋಗುವ ದಾರಿ

ಒಂದು ದೋಣಿಯವನಿಗೆ ಮೂರು ದಡಗಳಲ್ಲಿ ಮೂವರು. ಅವರಲ್ಲಿ ಒಬ್ಬಳಿಗೆ ಇನ್ನೊಂದು ದೋಣಿಯಲ್ಲಿ ಇನ್ನೊಬ್ಬ, ಯಾಕೆಂದರೆ ಒಂದೇ ದೋಣಿ ನಂಬಿದರೆ ಅದು ಬರಿಗೈಲಿ ಬಂದ ದಿನ ಉಪವಾಸ. ಊರಲ್ಲಿ ಅವನ ಹೆಂಡತಿ ಇದ್ದಾಳೆ. ಹೀಗೆ ಏಕಕಾಲಕ್ಕೆ ನಡೆಯುವ ಸಂಬಂಧಗಳ ಬಲೆಯಲ್ಲಿ ಎಚ್‌ಐವಿ ಬಹಳ ಬೇಗ ಓಡುತ್ತದೆ. ಸೋಂಕು ತಗುಲಿದ ಮೊದಲ ಕೆಲವು ವಾರ ರಕ್ತದಲ್ಲಿ ವೈರಸ್ ವಿಪರೀತ ಇರುತ್ತದೆ, ಆಗಲೇ ಬೇರೆಯವರಿಗೆ ಹರಡುವ ಸಾಧ್ಯತೆ ತುಂಬ ಹೆಚ್ಚು. ಒಬ್ಬರನ್ನು ಬಿಟ್ಟು ವರ್ಷಗಳ ನಂತರ ಇನ್ನೊಬ್ಬರು ಅನ್ನುವ ಕಡೆ ಆ ವಾರಗಳು ಒಬ್ಬ ಸಂಗಾತಿಯಲ್ಲೇ ಕಳೆದುಹೋಗುತ್ತವೆ. ಇಲ್ಲಿ ಅದೇ ವಾರಗಳಲ್ಲಿ ನಾಲ್ಕಾರು ಮನೆ ತಲುಪಿರುತ್ತದೆ.

ಹರ್ಪಿಸ್, ಸಿಫಿಲಿಸ್‌ನಂಥ ಗುಪ್ತರೋಗಗಳಿಂದ ಹುಣ್ಣಾಗಿದ್ದರೆ ಎಚ್‌ಐವಿ ಒಳಹೋಗಲು ಬಾಗಿಲು ತೆರೆದಿಟ್ಟಂತೆ. ಹೆಂಗಸರಲ್ಲಿ ಈ ಹುಣ್ಣುಗಳು ಎಷ್ಟೋ ಸಲ ಕಣ್ಣಿಗೆ ಬೀಳುವುದಿಲ್ಲ, ನೋವೂ ಇರುವುದಿಲ್ಲ. ಇನ್ನೊಂದು ವಿಷಯದ ಬಗ್ಗೆ ಮಾತೇ ಕಡಿಮೆ. ಎಚ್‌ಐವಿ ಇರುವ ಹೆಂಗಸಿಗೆ ಗರ್ಭಕಂಠದ ಕ್ಯಾನ್ಸರ್ ಬರುವ ಸಾಧ್ಯತೆ ಉಳಿದವರಿಗಿಂತ ಸುಮಾರು 6 ಪಟ್ಟು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ವೈರಸ್‌ಗೆ ಮಾತ್ರೆ ಕೊಟ್ಟು ಕಳಿಸಿ, ಗರ್ಭಕಂಠದ ತಪಾಸಣೆ ಮಾಡದೆ ಬಿಟ್ಟರೆ ಅರ್ಧ ಕೆಲಸ ಮಾಡಿದ ಹಾಗೆ.

ಕಾಂಡೋಮ್ ಇಲ್ಲವೇ? ಇದೆ. ದಡದಲ್ಲಿ ಉಚಿತವಾಗಿ ಹಂಚಿದ್ದಾರೆ. ಆದರೆ ಅದನ್ನು ಹಾಕಿಕೋ ಅನ್ನಲು ಮಾತಿಗೆ ತೂಕ ಬೇಕು. ನಾಳೆ ಬೆಳಗ್ಗೆ ಯಾರ ದೋಣಿಗೆ ಕಾಯಬೇಕೋ ಅವನ ಮುಂದೆ ಇವತ್ತು ರಾತ್ರಿ ಷರತ್ತು ಹಾಕೋದು ಸುಲಭ ಅಲ್ಲ. ಜತೆಗೆ ಸಂಬಂಧ ಹಳೆಯದಾದಷ್ಟೂ ಕಾಂಡೋಮ್ ಬಿಟ್ಟುಹೋಗುತ್ತದೆ. ಇನ್ನೂ ನನ್ನ ಮೇಲೆ ನಂಬಿಕೆ ಇಲ್ಲವಾ ಅನ್ನುವ ಒಂದೇ ಮಾತು ಸಾಕು.

ಅಂಕಿಗಳು ನೆಲದ ಮಾತನ್ನೇ ಹೇಳುತ್ತವೆ. 2018ರ ಕೀನ್ಯಾದ ರಾಷ್ಟ್ರೀಯ ಸಮೀಕ್ಷೆಯಲ್ಲಿ 15ರಿಂದ 64 ವಯಸ್ಸಿನವರಲ್ಲಿ ಎಚ್‌ಐವಿ ಇದ್ದದ್ದು ಶೇ. 4.9. ಗಂಡಸರಲ್ಲಿ 3.1, ಹೆಂಗಸರಲ್ಲಿ 6.6. ಕೌಂಟಿ ಅಂದರೆ ನಮ್ಮ ಜಿಲ್ಲೆಯ ಹಾಗೆ. ಸರೋವರದ ದಡದ ಹೋಮಾ ಬೇ ಕೌಂಟಿಯಲ್ಲಿ ಅದು 19.6, ಕಿಸುಮುವಿನಲ್ಲಿ 17.5, ಸಿಯಾಯಾದಲ್ಲಿ 15.3. ಈ ಕೌಂಟಿಗಳಲ್ಲಿ ಎಲ್ಲರೂ ಮೀನುಗಾರರಲ್ಲ. ದಡ ಒಂದೇ ಇದಕ್ಕೆ ಕಾರಣ ಅಂತಲೂ ನಾನು ಹೇಳುವುದಿಲ್ಲ. ವಿಧವೆಯನ್ನು ಗಂಡನ ಕಡೆಯವರಿಗೆ ಕೂಡಿಸುವ ಲುವೋ ಪದ್ಧತಿ ಇದೆ. ಲುವೋ ಗಂಡಸರಲ್ಲಿ ಸುನ್ನತಿಯ ರೂಢಿ ಇರಲಿಲ್ಲ, ಅದೂ ಒಂದು ಕಾರಣ. ಕಿಸುಮುವಿನಲ್ಲೇ ನಡೆದ ಪ್ರಯೋಗವೂ ಸೇರಿ ಆಫ್ರಿಕಾದ ಮೂರು ಪ್ರಯೋಗಗಳು ಸುನ್ನತಿಯಿಂದ ಗಂಡಸಿಗೆ ಸೋಂಕು ತಗಲುವುದು ಅರ್ಧಕ್ಕಿಂತ ಹೆಚ್ಚು ಕಡಿಮೆಯಾಗುತ್ತದೆ ಅಂತ ತೋರಿಸಿದವು. 2008ರಿಂದ ಕೀನ್ಯಾ ಅದನ್ನು ಕಾರ್ಯಕ್ರಮವಾಗಿಯೇ ನಡೆಸಿತು. ಸರೋವರದ ಆಚೆ ದಡದಲ್ಲಿ, ಉಗಾಂಡಾದ ರಾಕಾಯಿ ಪ್ರದೇಶದ ಮೀನುಗಾರರ ಊರುಗಳಲ್ಲಿ, ವಯಸ್ಕರಲ್ಲಿ ಸುಮಾರು ಶೇ. 40 ಜನಕ್ಕೆ ಎಚ್‌ಐವಿ ಇದ್ದದ್ದು ಕಂಡುಬಂದಿದೆ. ಜನ ಮೆಲ್ಲಗೆ ಕರಗಿ ಸಾಯುವ ಕಾಯಿಲೆಗೆ ಸ್ಲಿಮ್ ಅಂತ ಹೆಸರು ಬಿದ್ದದ್ದೂ ಅದೇ ಪ್ರದೇಶದಲ್ಲಿ, 1980ರ ದಶಕದ ಆರಂಭದಲ್ಲಿ.

ಇನ್ನು ಆಸ್ಪತ್ರೆ. ಅದು ತೆರೆಯುವುದು ಬೆಳಗ್ಗೆ. ಆಗ ದೋಣಿಯವನು ಮಲಗಿರುತ್ತಾನೆ, ಹೆಂಗಸು ಒಣಗಲು ಹಾಕಿದ ಮೀನು ಕಾಯುತ್ತಿರುತ್ತಾಳೆ. ತಿಂಗಳ ಮಾತ್ರೆ ಈ ದಡದ ಆಸ್ಪತ್ರೆಯಲ್ಲಿ, ಈ ತಿಂಗಳ ಮೀನು ಇನ್ನೊಂದು ದಡದಲ್ಲಿ. ಮಾತ್ರೆ ತಪ್ಪಿಸುವವರು ಬೇಜವಾಬ್ದಾರಿ ಜನ ಅಂತ ಬರೆದಿಡುವುದು ಸುಲಭ. ಅವರ ದಿನ ಹೇಗಿದೆ ಅಂತ ನೋಡಿ ಸಂಜೆ ಹೊತ್ತು ದಡಕ್ಕೇ ಹೋಗಿ ರಕ್ತ ಪರೀಕ್ಷೆ ಮಾಡಿದ ಕಡೆ, ಬೇರೆ ಊರಿನಲ್ಲೂ ಮಾತ್ರೆ ಸಿಗುವ ಏರ್ಪಾಡು ಮಾಡಿದ ಕಡೆ ಇದೇ ಜನ ಬಂದಿದ್ದಾರೆ.

ಹೆಂಗಸರ ದೋಣಿ

ಕಿಸುಮು ಕೌಂಟಿಯ ನ್ಯಾಕಾಚ್ ಭಾಗದಲ್ಲಿ, ವಿನಾಮ್ ಕೊಲ್ಲಿಯ ದಡದಲ್ಲಿ, ನ್ದುರು ಬೀಚ್ ಅನ್ನುವ ಸಣ್ಣ ಊರು. 2011ರಲ್ಲಿ ಅಲ್ಲಿನ ಮೀನು ಮಾರುವ ಹೆಂಗಸರು ಒಂದು ಗುಂಪು ಕಟ್ಟಿಕೊಂಡರು. ಗುಂಪಿನ ಹೆಸರಲ್ಲೇ ಅವರ ಬೇಡಿಕೆ ಇತ್ತು: ಮೀನಿಗಾಗಿ ಸೆಕ್ಸ್ ಬೇಡ. ಊರಿನ ಮುಂದೆ ಆ ಮಾತನ್ನು ಗಟ್ಟಿಯಾಗಿ ಹೇಳೋಕೆ ಎಷ್ಟು ಎದೆಗಾರಿಕೆ ಬೇಕು ಅಂತ ಯೋಚಿಸಿ. ಇಷ್ಟು ದಿನ ನಾವು ಮಾಡಿದ್ದು ಇದು ಅಂತ ಒಪ್ಪಿಕೊಂಡು, ಇನ್ನು ಮಾಡಲ್ಲ ಅನ್ನಬೇಕು.

ಅವರು ಕೇಳಿದ್ದು ಉಪದೇಶ ಅಲ್ಲ, ದೋಣಿ. ಅಮೆರಿಕದ ಪೀಸ್ ಕಾರ್ಪ್ಸ್ ಸ್ವಯಂಸೇವಕರ ಮೂಲಕ ನೆರವು ಬಂತು. ಆಮೇಲೆ ವರ್ಲ್ಡ್ ಕನೆಕ್ಟ್ ಅನ್ನುವ ಸಂಸ್ಥೆಯೂ ಕೈಜೋಡಿಸಿತು. ಮರದ ದೋಣಿಗಳು ಹೆಂಗಸರ ಹೆಸರಿನಲ್ಲಿ ನೀರಿಗಿಳಿದವು. ಅವರೇ ದೋಣಿಗೆ ಹೋಗಲಿಲ್ಲ. ಗಂಡಸರನ್ನು ಕೂಲಿಗೆ ಇಟ್ಟುಕೊಂಡರು. ಹಿಡಿಯುವವರು ಅದೇ ಗಂಡಸರು, ನೀರು ಅದೇ ನೀರು. ಆದರೆ ದೋಣಿ ದಡಕ್ಕೆ ಬಂದಾಗ ಮೀನು ಯಾರದ್ದು ಅನ್ನುವ ಪ್ರಶ್ನೆಗೆ ಉತ್ತರ ಬದಲಾಗಿತ್ತು. ಹೆಂಗಸು ಈಗ ಸಾಲಿನಲ್ಲಿ ಕಾಯುವವಳಲ್ಲ. ಕೂಲಿ ಎಣಿಸಿ ಕೊಡುವವಳು.

ನನಗೆ ಈ ಪ್ರಯೋಗದಲ್ಲಿ ತುಂಬ ಹಿಡಿಸುವುದು ಇದು. ಯಾರ ನಡತೆಯನ್ನೂ ತಿದ್ದಲು ಹೋಗಲಿಲ್ಲ. ದೋಣಿ ಹತ್ತಬಾರದು ಅನ್ನುವ ನಂಬಿಕೆಯ ಜತೆ ಜಗಳಕ್ಕೂ ನಿಲ್ಲಲಿಲ್ಲ. ಒಂದೇ ಒಂದು ಕಾಗದ, ಒಡೆತನದ್ದು, ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಯಿತು. ಹಂಗಿನ ಗಂಟು ಅಲ್ಲೇ ಸಡಿಲವಾಯಿತು.

ಆದರೆ ಮರದ ದೋಣಿ ಅಂದರೆ ದಿನವೂ ಖರ್ಚು. ಹಲಗೆ ಸಂದಿನಲ್ಲಿ ನೀರು ಜಿನುಗುತ್ತದೆ. ಆ ಸಂದಿಗೆ ಹತ್ತಿ ತುರುಕಿ ಮುಚ್ಚಬೇಕು. ಕೊಳೆತ ಹಲಗೆ ಬದಲಾಯಿಸಬೇಕು. ಬಲೆ ಹರಿಯುತ್ತದೆ, ಕಳುವಾಗುತ್ತದೆ. ಕೆಲವು ವರ್ಷಕ್ಕೇ ದೋಣಿಯ ಆಯುಸ್ಸು ಮುಗಿಯುತ್ತದೆ. ದೋಣಿ ಕೊಡುವವರು ಬಹಳ ಜನ ಸಿಗುತ್ತಾರೆ, ಫೋಟೋ ಚೆನ್ನಾಗಿ ಬರುತ್ತದೆ. ಐದನೆಯ ವರ್ಷದ ಹಲಗೆಗೆ ದುಡ್ಡು ಕೊಡುವವರು ಕಡಿಮೆ. ನೀರಿನ ನಡುವೆ ಏನಾಗುತ್ತದೆ ಅನ್ನುವುದೂ ಮಾಲೀಕಳ ಕಣ್ಣಿಗೆ ಬೀಳುವುದಿಲ್ಲ. ಮೀನು ಅಲ್ಲೇ ಬೇರೆ ದೋಣಿಗೆ ದಾಟಿಸಿ, ಇವತ್ತು ಏನೂ ಸಿಗಲಿಲ್ಲ ಅಂದರೆ ಆಕೆ ಏನು ಮಾಡಬೇಕು? ಗಂಡಸು ಮಾಲೀಕನಾದರೆ ತಾನೇ ದೋಣಿ ಹತ್ತಿ ನೋಡಿಯಾನು.

ಇನ್ನೊಂದು ಮಿತಿ ಮೊದಲಿನಿಂದಲೂ ಇತ್ತು. ಊರಿನಲ್ಲಿ ಮೀನು ಮಾರುವ ಹೆಂಗಸರೆಲ್ಲರಿಗೂ ದೋಣಿ ಸಿಗುವುದಿಲ್ಲ. ದೋಣಿ ಸಿಕ್ಕವಳು ಹಂಗಿನಿಂದ ಹೊರಬಂದಳು. ಸಿಗದವಳು ಅದೇ ಸಾಲಿನಲ್ಲಿ ನಿಂತಳು. ಒಬ್ಬಳೇ, ಬೇರೆ ಊರಿನಿಂದ ಬಂದು, ಯಾವ ಗುಂಪಿನಲ್ಲೂ ಹೆಸರಿಲ್ಲದವಳು ಸಾಲಿನ ಕೊನೆಯಲ್ಲಿ. ಮೇಲೆ ಹೇಳಿದ ಮೂರು ಮಕ್ಕಳ ತಾಯಿ ಅಲ್ಲೇ ಇರುತ್ತಾಳೆ.

ಅಷ್ಟಾದರೂ ಮಾತು ಬದಲಾಯಿತು. ಗುಟ್ಟಾಗಿದ್ದದ್ದು ಬಯಲಿಗೆ ಬಂತು. ಒಬ್ಬ ಹೆಂಗಸು ತನ್ನ ದೋಣಿಯ ಮೀನನ್ನು ಇನ್ನೊಬ್ಬ ಹೆಂಗಸಿಗೆ ದುಡ್ಡಿಗಷ್ಟೇ ಮಾರಬಹುದು, ಬೇರೇನನ್ನೂ ಕೇಳದೆ. ಅಂಥ ವ್ಯಾಪಾರವೂ ಸಾಧ್ಯ ಅಂತ ದಡದ ಜನ ಕಣ್ಣಾರೆ ಕಂಡರು.

2019ರ ಕೊನೆಯಲ್ಲಿ ಮಳೆ ಶುರುವಾಯಿತು, ನಿಲ್ಲಲಿಲ್ಲ. 2020ರ ಮೇ ತಿಂಗಳಲ್ಲಿ ಅಳತೆಗೋಲಿನಲ್ಲಿ ಸರೋವರದ ಮಟ್ಟ 13.42 ಮೀಟರಿಗೆ ಏರಿತು. 1964ರಲ್ಲಿ ಬಂದಿದ್ದ 13.41 ಮೀಟರ್‌ನ ದಾಖಲೆ ಮುರಿಯಿತು. ನ್ದುರು ಬೀಚ್ ನೀರಿನಡಿ ಹೋಯಿತು. ಮನೆ, ಹೊಲ, ಮೀನು ಒಣಗಿಸುವ ಜಾಗ ಎಲ್ಲ. ಜನ ಎತ್ತರದ ಜಾಗಕ್ಕೆ ಹೋಗಿ ಶಿಬಿರಗಳಲ್ಲಿ ಉಳಿದರು. ಅದೇ ಹೊತ್ತಿಗೆ ಕೊರೊನಾ, ಪೇಟೆ ಬಂದ್, ಗಾಡಿ ಬಂದ್. ಒಂಬತ್ತು ವರ್ಷ ಹಲಗೆ ಹಲಗೆಯಾಗಿ ಕಟ್ಟಿದ್ದನ್ನು ಕೆಲವು ವಾರಗಳ ನೀರು ಅಲ್ಲಾಡಿಸಿಬಿಟ್ಟಿತು. ದಡವೇ ಇಲ್ಲದ ಮೇಲೆ ದೋಣಿ ಇಟ್ಟುಕೊಂಡು ಏನು ಮಾಡುವುದು?

ಇದನ್ನು ಸೋಲು ಅಂತ ಬರೆಯುವವರ ಜತೆ ನನಗೆ ತಕರಾರಿದೆ. ಹೆಂಗಸರ ಯೋಚನೆ ತಪ್ಪಾಗಿರಲಿಲ್ಲ. ಅದು ನಿಂತಿದ್ದ ನೆಲ ಗಟ್ಟಿಯಾಗಿರಲಿಲ್ಲ. ನೆರೆ ಬಂದಾಗ ದೋಣಿಗೆ ವಿಮೆ ಇರಲಿಲ್ಲ, ಉಳಿತಾಯ ಇರಲಿಲ್ಲ, ಎತ್ತರದ ಜಾಗದಲ್ಲಿ ಒಂದು ತುಂಡು ಭೂಮಿ ಇರಲಿಲ್ಲ. ಇಂಥ ಹೊತ್ತಲ್ಲಿ ಕೈ ಖಾಲಿಯಾದ ಹೆಂಗಸು ಹಳೆಯ ಏರ್ಪಾಡಿಗೆ ಮರಳಿದರೆ ಅದು ಅವಳ ದೌರ್ಬಲ್ಯ ಅಂತ ಯಾವ ಬಾಯಿಂದ ಹೇಳುವುದು?

ಆರೋಗ್ಯದ ಕಡೆಯಿಂದ ಒಳ್ಳೆಯ ಸುದ್ದಿಯೂ ಇದೆ, ಅದನ್ನು ಹೇಳದಿದ್ದರೆ ತಪ್ಪಾಗುತ್ತದೆ. ಔಷಧಿ ಬಿಡದೆ ತಗೊಂಡು ರಕ್ತದಲ್ಲಿ ವೈರಸ್ ಪರೀಕ್ಷೆಗೂ ಸಿಗದಷ್ಟು ಇಳಿದರೆ ಸಂಗಾತಿಗೆ ಹರಡುವುದಿಲ್ಲ. ರಾಕಾಯಿ ಪ್ರದೇಶದ ಮೀನುಗಾರರ ಊರುಗಳಲ್ಲಿ ಔಷಧಿ, ಸುನ್ನತಿ ಎರಡನ್ನೂ ಜೋರಾಗಿ ವಿಸ್ತರಿಸಿದರು. 2011ರಿಂದ 2017ರ ನಡುವೆ ಹೊಸ ಸೋಂಕು ವರ್ಷಕ್ಕೆ 100 ಜನರಲ್ಲಿ 3.43 ಇದ್ದದ್ದು 1.59ಕ್ಕೆ ಇಳಿಯಿತು. ಸಂಬಂಧಗಳು ಬದಲಾಗುವ ತನಕ ಕಾಯಬೇಕಾಗಿಲ್ಲ, ಅಷ್ಟರಲ್ಲೇ ಜೀವ ಉಳಿಸಬಹುದು ಅನ್ನುವುದಕ್ಕೆ ಇದು ಸಾಕ್ಷಿ.

ಸೋಂಕು ಬರುವ ಮೊದಲೇ ತಡೆಯುವ ಪ್ರೆಪ್ ಮಾತ್ರೆಯನ್ನು ಕೀನ್ಯಾ 2017ರಿಂದ ಕೊಡುತ್ತಿದೆ. ದಡದ ಹೆಂಗಸಿಗೆ ಅದರಲ್ಲಿ ಒಂದು ತೊಡಕು. ಮಾತ್ರೆಯ ಡಬ್ಬಿ ಅಲ್ಲಾಡಿಸಿದರೆ ಗಲಗಲ ಅನ್ನುತ್ತದೆ. ಒಂದೇ ಕೋಣೆಯ ತಗಡಿನ ಮನೆಯಲ್ಲಿ ಅದನ್ನು ಎಲ್ಲಿ ಬಚ್ಚಿಡುವುದು? ಅವನ ಕಣ್ಣಿಗೆ ಬಿದ್ದರೆ ನಿನಗೇ ರೋಗ ಇದೆ ಅನ್ನುತ್ತಾನೆ. ಹಾಗಾಗಿ ಲೆನಾಕಾಪವಿರ್ ಚುಚ್ಚುಮದ್ದಿನ ಸುದ್ದಿ ಬಂದಾಗ ನನಗೆ ಮೊದಲು ನೆನಪಾದವರು ಈ ಹೆಂಗಸರೇ. ಆರು ತಿಂಗಳಿಗೊಂದು ಚುಚ್ಚುಮದ್ದು. ದಕ್ಷಿಣ ಆಫ್ರಿಕಾ ಮತ್ತು ಉಗಾಂಡಾದಲ್ಲಿ ನಡೆದು 2024ರಲ್ಲಿ ಫಲಿತಾಂಶ ಬಂದ ಪ್ರಯೋಗದಲ್ಲಿ ಅದನ್ನು ಪಡೆದ 2,134 ಯುವತಿಯರಲ್ಲಿ ಒಬ್ಬರಿಗೂ ಎಚ್‌ಐವಿ ಬರಲಿಲ್ಲ. ಡಬ್ಬಿ ಇಲ್ಲ, ಬಚ್ಚಿಡುವುದಿಲ್ಲ, ಯಾರ ಒಪ್ಪಿಗೆಯೂ ಬೇಕಿಲ್ಲ. ಆದರೆ 2025ರ ಜನವರಿಯಲ್ಲಿ ಅಮೆರಿಕ ತನ್ನ ವಿದೇಶಿ ನೆರವನ್ನು ತಟ್ಟನೆ ತಡೆಹಿಡಿದಾಗ, ಎರಡು ದಶಕಗಳಿಂದ ಆ ದುಡ್ಡಿನ ಮೇಲೆ ನಿಂತಿದ್ದ ಎಷ್ಟೋ ಎಚ್‌ಐವಿ ಸೇವೆಗಳು ಏರುಪೇರಾದವು. ಇಡೀ ಆರೋಗ್ಯ ವ್ಯವಸ್ಥೆಯೇ ಇನ್ನೊಬ್ಬರ ಹಂಗಿನಲ್ಲಿ ಇದ್ದರೆ ಹೀಗೇ ಆಗುವುದು. ಚುಚ್ಚುಮದ್ದು ಹೋಮಾ ಬೇಯ ಯಾವುದೋ ದ್ವೀಪದ ದಡ ತಲುಪಬೇಕಾದರೆ ಮೊದಲು ನರ್ಸ್ ಬೇಕು, ನರ್ಸ್‌ಗೆ ಸಂಬಳ ಬೇಕು.

ದಡಗಳನ್ನು ನಡೆಸಲು ಕೀನ್ಯಾದಲ್ಲಿ ಬೀಚ್ ನಿರ್ವಹಣಾ ಸಮಿತಿಗಳಿವೆ. 2007ರಿಂದ ಅವುಗಳಿಗೆ ಕಾನೂನಿನ ಬಲ ಇದೆ, ಸಮಿತಿಯಲ್ಲಿ ಹೆಂಗಸರೂ ಇರಬೇಕು ಅನ್ನುವ ನಿಯಮವೂ ಇದೆ. ದೋಣಿ ನೋಂದಣಿ, ಮೀನು ಇಳಿಸುವ ಜಾಗ, ತೂಕ ಎಲ್ಲ ಅವರ ಸುಪರ್ದಿಯಲ್ಲಿ. ನಾನು ಈ ಪ್ರಕರಣದಲ್ಲಿ ಕೆಲಸ ಮಾಡುವವನಾಗಿದ್ದರೆ ಕೈ ಹಾಕುತ್ತಿದ್ದದ್ದು ಇಲ್ಲೇ. ದೋಣಿ ಬಂದ ಮೇಲೆ ಮೀನು ಮೊದಲು ತಕ್ಕಡಿಗೆ ಹೋಗಬೇಕು. ಕೊಳ್ಳುವವರ ಸರದಿ ಪಟ್ಟಿಯಲ್ಲಿ ಬರೆದಿರಬೇಕು, ಎಲ್ಲರಿಗೂ ಕಾಣುವ ಹಾಗೆ. ಒಂದು ಐಸ್ ಪೆಟ್ಟಿಗೆ, ಮಳೆಗೆ ನೆನೆಯದಂತೆ ಎತ್ತರದ ಒಣಗಿಸುವ ಅಟ್ಟ. ಅಟ್ಟದ ಮೇಲೆ ಒಣಗಿದ ಒಮೆನಾಗೆ ಮರಳೂ ಹತ್ತುವುದಿಲ್ಲ, ಬೆಲೆಯೂ ಜಾಸ್ತಿ. ಏಪ್ರಿಲ್‌ಗೆ ಮೊದಲೇ ಕೈಗೆ ಸಿಗುವ ಸಣ್ಣ ಸಾಲ. ಇವು ಯಾವುವೂ ದೋಣಿಯಷ್ಟು ದೊಡ್ಡ ಖರ್ಚಲ್ಲ. ಗುಂಪಿನಲ್ಲಿ ಹೆಸರಿಲ್ಲದವಳಿಗೂ ಮುಟ್ಟುತ್ತವೆ.

ಮೂರು ಮಕ್ಕಳ ಆ ತಾಯಿಯ ವಿಷಯಕ್ಕೆ ಬಂದರೆ, ಸರದಿ ಪಟ್ಟಿ ಇರುವ ದಡದಲ್ಲಿ ಆಕೆಯ ಹೆಸರು ಹದಿನಾಲ್ಕನೆಯದು ಇರಬಹುದು. ಇವತ್ತು ಮೀನು ಹನ್ನೊಂದನೆಯವಳಿಗೇ ಮುಗಿಯಬಹುದು. ಹಾಗಾದರೆ ನಾಳೆ ಆಕೆ ಮೂರನೆಯವಳು. ದೋಣಿಯ ಹುಡುಗ ಬಂದು ನಾಳೆಯಿಂದ ನಿನಗೇ ಕೊಡ್ತೀನಿ ಅಂದರೆ, ನಾಳೆ ಹೇಗೂ ನನ್ನ ಸರದಿ ಇದೆಯಲ್ಲ ಅಂತ ಆಕೆ ಹೇಳಬಹುದು.